ಮಾವನ ಎಡಗಡೆಯ ಸೈಕಲ್

ನಮ್ಮ ಸೋದರಮಾವ ಎಲ್ಲಿಗೆ ಹೊರಟರೂ ಎಡಗಡೆಗೆ ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟೇ ನಡೆಯುತ್ತಿದ್ದರು. ಸೈಕಲ್ ಇರಲಿಲ್ಲ. ಆದರೂ ಅದೃಶ್ಯ ಹ್ಯಾಂಡಲ್ಲೊಂದನ್ನು ಹಿಡಿದಂತೆ ಕೈಗಳನ್ನು ತುಸು ಮಡಚಿ, ಮೈಯನ್ನು ಕೊಂಚ ವಾಲಿಸಿ, ತಿರುವು ಬಂದಾಗ ಹಿಂದಿನ ಚಕ್ರ ಎಲ್ಲಿ ಗೋಡೆಗೆ ತಾಗೀತೋ ಎಂಬ ಎಚ್ಚರದಲ್ಲಿ ಅಗಲವಾಗಿ ತಿರುಗುವ ಆ ಗಂಭೀರ ನಡಿಗೆಯನ್ನು ಕಂಡವರಿಗೆ ನಗು ಬರುವ ಮೊದಲು ದಾರಿ ಬಿಡಬೇಕೆನಿಸುತ್ತಿತ್ತು.

ಕನ್ನಡಕಗಳಿಗೆ ಗಾಜು ಕೂರಿಸುವುದು ಅವರ ವೃತ್ತಿ. ಊರಿನ ಸೈಕಲ್ ಸ್ಟ್ಯಾಂಡುಗಳನ್ನು ನಕ್ಷೆಯ ಮೇಲೆ ಗುರುತಿಸುವುದು ಅವರಿಗೆ ಹಿಡಿದ ಹುಚ್ಚು. ಯಾರು ಬೇಕಾದರೂ ನೋಡಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ನಕ್ಷೆ ಅವರ ಫೋನಿನಲ್ಲಿತ್ತು. ಗ್ರಂಥಾಲಯದ ಹಿಂಬದಿಯಲ್ಲೋ ಈಜುಕೊಳದ ಬೇಲಿಯ ಪಕ್ಕದಲ್ಲೋ ಸೈಕಲ್ ನಿಲ್ಲಿಸಿ ಬೀಗ ಹಾಕುವ ಕಬ್ಬಿಣದ ಕಮಾನೊಂದು ಕಂಡರೆ ಸಾಕು, ಅದನ್ನು ಹಿಡಿದು ಅಲುಗಾಡಿಸಿ, ಇಲ್ಲದ ಸೈಕಲ್ಲನ್ನು ಮೆಲ್ಲಗೆ ಒಳಗೆ ತಳ್ಳಿ, "ಹಿಡಿಸುತ್ತೆ" ಎಂದು ತಮಗೆ ತಾವೇ ಹೇಳಿಕೊಂಡು ನೀಲಿ ಚುಕ್ಕೆ ಇಡುತ್ತಿದ್ದರು. ಮುಂಜಾವಿನ ಮಂಜಿನಲ್ಲಿ ಅವರ ಹಿಂದೆ ನಡೆಯುವಾಗ ನನಗೂ ಚಕ್ರ ಉರುಳುವ ಸದ್ದು ಕೇಳಿಸಿದ್ದುಂಟು. ಆಣೆ ಮಾಡಿ ಹೇಳಲಾರೆ.

ಹಿಂದೆ ಮಾವನಿಗೆ ನಿಜವಾದ ಸೈಕಲ್ಲೇ ಇತ್ತು. ಅದರ ಕ್ಯಾರಿಯರ್ ಮೇಲೆ ಕೂರಿಸಿಕೊಂಡೇ ಅವರು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದದ್ದು. ಅಲ್ಲಿ ಸ್ಟ್ಯಾಂಡ್ ಇರಲಿಲ್ಲವೆಂದು ಸೈಕಲ್ಲನ್ನು ನೀರಿನ ಕೊಳವೆಗೆ ಕಟ್ಟಿದ್ದರು. ಮಧ್ಯಾಹ್ನ ಅತ್ತೆಯೇ, "ಸೈಕಲ್ ಇದೆಯೇನ್ರೀ, ಒಂದ್ಸಲ ನೋಡ್ಕೊಂಡು ಬನ್ನಿ" ಎಂದರಂತೆ. ಇರಲಿಲ್ಲ. ಸುತ್ತಲ ಬೀದಿಗಳನ್ನೆಲ್ಲ ಹುಡುಕಿ ಮಾವ ಹಿಂತಿರುಗುವಷ್ಟರಲ್ಲಿ ಅತ್ತೆಯೂ ಇರಲಿಲ್ಲ. ಕೊನೆಗಳಿಗೆಯಲ್ಲಿ ಅವರ ಕೈ ಹಿಡಿದಿದ್ದವಳು ಯಾರೋ ದಾದಿ.

ವರ್ಷಗಳುರುಳಿದಂತೆ ನಕ್ಷೆಯ ತುಂಬ ನೀಲಿ ಚುಕ್ಕೆಗಳಾದವು. ಆಸ್ಪತ್ರೆಯ ಸುತ್ತ ಮಾತ್ರ ಬಟಾಬಯಲು.

"ಆ ಕೊಳವೆಗೇ ಒಂದು ಚುಕ್ಕೆ ಇಟ್ಬಿಡಿ ಮಾವ, ಯಾರು ಕೇಳ್ತಾರೆ?" ಎಂದು ರೇಗಿಸಿದ್ದೆ.

"ಇಲ್ಲದ್ದನ್ನ ಇದೆ ಅಂದ್ರೆ, ನಂಬ್ಕೊಂಡು ಬಂದೋರ ಗತಿ? ಖಾಲಿ ಇರ್ಲಿ ಬಿಡು. ಯಾರ ಕಣ್ಣಿಗಾದ್ರೂ ಚುಚ್ಚಲಿ."

ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದರು. ಕಡೆಗೊಮ್ಮೆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಮುಖ್ಯ ವೈದ್ಯೆ ಅದರ ಮೇಲೆ ಬೆರಳಿಟ್ಟು ಕೇಳಿದರು: "ಈ ಖಾಲಿ ಜಾಗ ಏನ್ರೀ, ಕೆರೆನಾ?"

"ಅಲ್ಲಮ್ಮ. ನಿಮ್ಮ ಆಸ್ಪತ್ರೆ."

ಮಳೆಗಾಲಕ್ಕೆ ಮುಂಚೆಯೇ ಅಲ್ಲಿ ಕಮಾನುಗಳು ನಿಂತವು. ನೋಡಲು ಹೋದಾಗ ಮಾವ ಒಂದನ್ನು ಅಲುಗಾಡಿಸಿದರು, ಸೈಕಲ್ಲನ್ನು ಒಳಗೆ ತಳ್ಳಿದರು, ಹಳೆಯ ಕೋಟಿನ ಜೇಬಿನಿಂದ ಸವೆದ ಕೀಲಿಕೈ ತೆಗೆದು ಗಾಳಿಯಲ್ಲೇ ಬೀಗ ಹಾಕಿದರು. "ಇನ್ನು ಒಳಗೋಗಿ ನೆಮ್ಮದಿಯಾಗಿ ಪಕ್ಕದಲ್ಲಿ ಕೂತ್ಕೋಬಹುದು" ಎಂದರು. ನನಗೆ ಹೇಳಿದ್ದಲ್ಲ. ಮನೆಗೆ ಮರಳುವಾಗ ಎರಡೂ ಕೈ ಬೀಸಿಕೊಂಡು ನಡೆದರು. ಅಂದು ಮೊದಲ ಸಲ ನಾನು ಅವರ ಎಡಗಡೆಗೆ ನಡೆದೆ.

ಇಂಥವರು ತಾವು ಕಳೆದುಕೊಂಡ ಜಾಗದಲ್ಲಿ ಇನ್ನೊಬ್ಬರು ಕಳೆದುಕೊಳ್ಳದಿರಲೆಂದು ಒಂದು ಕಬ್ಬಿಣದ ಕಮಾನು ನೆಡಿಸಿ ಸುಮ್ಮನಾಗುತ್ತಾರೆ. ಅಲ್ಲಿ ಸೈಕಲ್ ನಿಲ್ಲಿಸಿ ಒಳಗೆ ಓಡುವವರಿಗೆ ಅದನ್ನು ಯಾರು ನೆಡಿಸಿದರೆಂದು ಯೋಚಿಸುವ ಪುರುಸೊತ್ತು ಇರುವುದಿಲ್ಲ, ಇರಲೂಬಾರದು.