ಸಿಟ್ಟಿನಲ್ಲಿ ಅಂದ ಕಾಫಿ

ಸೋಮವಾರ ಶಿರಾಳಕೊಪ್ಪದ ಹೊಸ ಕಾನ್ವೆಂಟಿನವರ ಮುಂದೆ ಇಂಗ್ಲಿಷ್ ಪಾಠ ಓದಿ ಒಪ್ಪಿಸಿದರೆ ಕಾತ್ಯಾಯಿನಿಗೆ ಟೀಚರ್ ಕೆಲಸ. ಅವಳಿಗೆ ಬಾರದಿದ್ದದ್ದು ‘ಎಫ್’ ಒಂದೇ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಬಿಡಬೇಕೆಂದು ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದರು. ಅವಳು ಕನ್ನಡಿ ಹಿಡಿದುಕೊಂಡು ‘ಫಾದರ್, ಫಾರ್ಮರ್’ ಎಂದು ಟೇಪ್‌ರೆಕಾರ್ಡರಿಗೆ ಓದುತ್ತಿದ್ದಳು. ಹಲ್ಲು ಸರಿಯಾಗಿಯೇ ಕೂರುತ್ತಿತ್ತು. ಟೇಪ್ ಹಿಂದಕ್ಕೆ ತಿರುಗಿಸಿ ಕೇಳಿದರೆ ಬರೀ ಗಾಳಿ.

ಏಳನೇ ಸಲ ಓದುವಾಗ ಅತ್ತೆ ಹಾಲಮ್ಮ ಅಡುಗೆಮನೆಯಿಂದ ಕೂಗಿದರು. “ಏನವ್ವ, ಒಲೆ ಊದ್ದಂಗೆ ಉಫ್ ಉಫ್ ಅಂತೀಯ? ಕಾಫಿ ಕುಡಿ ಬಾ.”

“ಕಾಫಿ ಬ್ಯಾಡ ಅತ್ತೆ, ಸುಮ್ನಿರ್ರಿ!”

ಟೇಪ್ ಓಡುತ್ತಲೇ ಇತ್ತು. ತಿರುಗಿಸಿ ಕೇಳಿದರೆ ಓದಿದ್ದೆಲ್ಲ ಹಾಳಾಗಿತ್ತು. ರೇಗಿ ಅಂದ ಕಾಫಿಯ ಎಫ್ ಮಾತ್ರ ಮೇಷ್ಟ್ರು ಅಂದಂತೆಯೇ ಇತ್ತು. ಆಗ ಹಲ್ಲು ಎಲ್ಲಿತ್ತೋ, ಅವಳು ನೋಡಿಕೊಂಡಿರಲಿಲ್ಲ. ಕನ್ನಡಿ ಹಿಡಿದು ಅದೇ ಪದವನ್ನು ಹತ್ತು ಸಲ ಅಂದಳು. ಒಂದೂ ಹಾಗೆ ಬರಲಿಲ್ಲ.

ಕೊನೆಗೆ ಟೇಪ್‌ರೆಕಾರ್ಡರನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದಳು.

“ಅತ್ತೆ, ನಂಗೆ ಸಿಟ್ಟು ಬರೋ ಹಂಗೆ ಏನಾದ್ರೂ ಅನ್ರಿ.”

“ಅಯ್ಯ, ಇಷ್ಟು ದಿನ ನೀನು ಕೇಳಿದ್ಮ್ಯಾಲೇ ಅಂತಿದ್ನಾ?” ಎಂದು ಹಾಲಮ್ಮ ನಕ್ಕೇಬಿಟ್ಟರು.

ಬೇಕಾದ ಹೊತ್ತಿಗೆ ಕಾತ್ಯಾಯಿನಿಗೆ ಸಿಟ್ಟು ಬರಲಿಲ್ಲ, ಅಳು ಬಂತು.