ಇಲ್ಲದ ಹಲ್ಲಿಗೆ ಕ್ಯಾಪ್

ವಿಮಾ ಕಂಪನಿಯ ಹುಡುಗಿಯ ದನಿ ಎಷ್ಟು ನಯವಾಗಿತ್ತೆಂದರೆ, ಅವಳು ನನ್ನನ್ನು ಕಳ್ಳಿ ಎನ್ನುತ್ತಿದ್ದಾಳೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು.

"ಮೇಡಂ, ಕೆಳಗಡೆ ಎಡಗಡೆಯ ಆ ದವಡೆ ಹಲ್ಲನ್ನ ನೀವು ಹಿಂದೇನೇ ಕೀಳಿಸಿದೀರ ಅಂತ ನಮ್ಮಲ್ಲಿದೆ. ಆ ಕ್ಲೇಮು ಪಾಸೂ ಆಗಿದೆ. ಇಲ್ಲದ ಹಲ್ಲಿಗೆ ಕ್ಯಾಪ್ ಕೊಡೋಕಾಗಲ್ಲ."

ಇಲ್ಲದ ಹಲ್ಲಂತೆ! ಬೇರಿನ ಚಿಕಿತ್ಸೆ ಮಾಡಿಸಿಕೊಂಡು, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿಸಿಕೊಂಡು, ಎಷ್ಟೋ ದಿನದಿಂದ ಬಲಗಡೆಯಲ್ಲೇ ಅಗಿಯುತ್ತಿದ್ದವಳು ನಾನು. ನಾಲಿಗೆಯಿಂದ ಮುಟ್ಟಿ ನೋಡಿದೆ. ಅಲ್ಲೇ ಇತ್ತು, ಮಹಾರಾಯ. ಬೇಗ ಕ್ಯಾಪ್ ಹಾಕದಿದ್ದರೆ ಹಲ್ಲು ಸೀಳಿ ಹೋಗುತ್ತದೆ ಎಂದು ಡಾಕ್ಟರು ಬೇರೆ ಹೆದರಿಸಿದ್ದರು.

ನನ್ನ ಗಂಡ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಅವರ ಪಾಲಿಗೆ ಲೋಕವೇ ಒಂದು ಬಸ್ಸು, ಒಳಗಿರುವವರೆಲ್ಲ ಟಿಕೆಟ್ ಇಲ್ಲದವರು. ಬಾಗಿಲಿಗೆ ಬಂದ ಹಾಲಿನ ಪ್ಯಾಕೆಟ್ಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡದೆ ಒಳಗೆ ಬಿಡುವವರಲ್ಲ. ವಿಷಯ ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿದರು.

"ಆ ಡಾಕ್ಟರ್‌ದೇ ಕೆಲಸ. ಒಂದೇ ಹಲ್ಲಿಗೆ ಎರಡು ಸಲ ಬಿಲ್ ಹಾಕಿದಾನೆ. ನಡಿ."

ಡಾಕ್ಟರು ಪಾಪ, ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡಿ ಸ್ವಾಮಿ, ಹಲ್ಲು ಇಲ್ಲೇ ಇದೆ. ನಾನೇ ಕಿತ್ತಿದ್ರೆ ಹೇಗಿರ್ತಿತ್ತು?"

"ಇದು ಇವಳದ್ದೇ ಬಾಯಿ ಅಂತ ಏನು ಗ್ಯಾರಂಟಿ?" ಎಂದರು ನನ್ನವರು. ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎಲ್ಲಾದರೂ ಇಳಿದು ಹೋಗೋಣವೆನಿಸಿತು ನನಗೆ.

ಆ ಎಕ್ಸ್‌ರೇಯನ್ನು ಕಂಪನಿಗೆ ಕಳಿಸಿದೆವು. ಕೆಲಸ ಸುಲಭವಾಗುವ ಬದಲು ಕೆಟ್ಟಿತು. ಈ ಸಲ ಫೋನಿನಲ್ಲಿ ಬಂದದ್ದು ಗಂಡಸಿನ ದನಿ. "ಹಾಗಾದ್ರೆ ನಿಮ್ಮ ಕಾರ್ಡು ತೋರಿಸಿ ಬೇರೆ ಯಾರೋ ಹಲ್ಲು ಕೀಳಿಸಿದಾರೆ. ಯಾರಿಗೆ ಕೊಟ್ಟಿದ್ರಿ ಅಂತ ಹೇಳಿ. ಇಲ್ಲದಿದ್ರೆ ಪಾಲಿಸಿ ರದ್ದು ಮಾಡಿ ನಿಮ್ಮ ಪ್ರೆಸ್ಸಿಗೂ ತಿಳಿಸ್ತೀವಿ." ನಾನು ಪ್ರೆಸ್ಸೊಂದರ ಬೈಂಡಿಂಗ್ ವಿಭಾಗದಲ್ಲಿದ್ದೇನೆ. ವಿಮೆ ಅಲ್ಲಿಂದಲೇ ಬಂದದ್ದು, ಕಾರ್ಡಿನ ಮೇಲಿರುವುದೂ ನನ್ನ ಹೆಸರೇ.

ಸಂಜೆ ಮನೆಗೆ ಬಂದು ಇದನ್ನು ಕೇಳಿದ ಗಂಡ ಅಡುಗೆಮನೆಯ ಡ್ರಾಯರ್ ಎಳೆದು ಕಾರ್ಡನ್ನು ಹೊರಗಿಟ್ಟರು. "ಇದು ಇಲ್ಲೇ ಬಿದ್ದಿರುತ್ತೆ. ಕೆಲಸ ಹುಡುಕ್ತಾ ನಿನ್ನ ತಂಗಿ ಇಲ್ಲೇ ಇದ್ದಳಲ್ಲ?"

"ಅವಳ ಸುದ್ದಿಗೆ ಹೋಗ್ಬೇಡಿ."

"ನಿಮ್ಮಿಬ್ರದ್ದೂ ಒಂದೇ ಅಚ್ಚು. ಮೆಟ್ಟಿಲ ಮೇಲೆ ಪಕ್ಕದ ಮನೆಯವರೇ ಅವಳನ್ನ ನೀನು ಅಂತ ಮಾತಾಡಿಸ್ತಾರೆ. ಅವಳಿಗೆ ವಿಮೆ ಗಿಮೆ ಏನೂ ಇಲ್ಲ. ಸುಮ್ನೆ ಹೇಳ್ತಿಲ್ಲ ನಾನು."

ನನಗೆ ಮೈ ಉರಿಯಿತು. ಅಪ್ಪ ಅಮ್ಮ ಹೋದ ಮೇಲೆ ತವರು ಎಂದು ಹೇಳಿಕೊಳ್ಳಲು ನನಗಿರುವುದು ಅವಳೊಬ್ಬಳೇ. ಅವಳನ್ನು ಕಳೆದುಕೊಂಡರೆ ಇನ್ನಾರಿಗೂ ನಾನು ಅಕ್ಕನಲ್ಲ. ಆದರೂ ಪಾತ್ರೆ ತೊಳೆಯುವಾಗ, ಅವಳು ಒಮ್ಮೆ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಮಲಗಿದ್ದು ನೆನಪಾಯಿತು. ಏನೆಂದು ಕೇಳಿದ್ದಕ್ಕೆ "ಏನಿಲ್ಲಕ್ಕ" ಅಂದಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೆ ಅನುಮಾನ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಭಾನುವಾರ ಅವಳು ಎಂದಿನಂತೆ ಬಂದಳು. ಲೋಟ ಎತ್ತಿಡಲೂ ಏಳದ ನನ್ನ ಗಂಡ ಅಂದು ತಾವೇ ಚಹಾ ತಂದುಕೊಟ್ಟರು. ಜೊತೆಗೆ ಗಟ್ಟಿ ಬಿಸ್ಕತ್ತು. ಅವಳು ಯಾವ ಕಡೆ ಅಗಿಯುತ್ತಾಳೆಂದು ಎದುರು ಕುರ್ಚಿಯಲ್ಲಿ ಮೈಯೆಲ್ಲ ಕಣ್ಣಾಗಿ ಕೂತರು. ನಾನೂ ನೋಡುತ್ತಿದ್ದೆ.

"ಏನಕ್ಕ, ಇಬ್ರೂ ನನ್ನ ಬಾಯೇ ನೋಡ್ತಿದೀರ? ಏನಾದ್ರೂ ಅಂಟಿದೆಯಾ?"

ಗಂಡ ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದರು, ಡಿಪೋದಲ್ಲಿ ವರದಿ ಒಪ್ಪಿಸುವ ಧಾಟಿಯಲ್ಲಿ. ಅವಳು ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿದಳು.

"ನೀನೂನಾ?"

ಅವಳು ಅರ್ಧ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಎದ್ದಳು. ಕಿಟಕಿಯ ಬೆಳಕಿಗೆ ಹೋಗಿ ನಿಂತು ತಲೆ ಹಿಂದಕ್ಕೆ ಮಾಡಿ ಬಾಯಿ ತೆರೆದಳು. ನನ್ನವರು ಫೋನಿನ ಟಾರ್ಚು ಹಾಕಿ ಬಗ್ಗಿದರು. ಎಲ್ಲ ಹಲ್ಲುಗಳೂ ಇದ್ದವು. ಒಂದಕ್ಕೂ ಕುಂದಿರಲಿಲ್ಲ. ನಾನು ಮುಖ ಆಚೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ, ನಾನೂ ಬಗ್ಗಿ ನೋಡಿದೆ.

ಅವಳು ತುಟಿ ಒರೆಸಿಕೊಂಡಳು. "ಆ ಹಲ್ಲು ಕಿತ್ತಿದ್ದು ಯಾವ ಕ್ಲಿನಿಕ್ಕಲ್ಲಿ ಅಂತ ಕೇಳಿದ್ರಾ ಭಾವ?"

ಕೇಳಿರಲಿಲ್ಲ. ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಮರುದಿನ ಪ್ರೆಸ್ಸಿನಿಂದಲೇ ಕಂಪನಿಗೆ ಫೋನ್ ಮಾಡಿದೆ. ಅದೇ ನಯವಾದ ಹುಡುಗಿ. ನನ್ನ ಜನ್ಮದಿನಾಂಕ ಕೇಳಿ, ವಿಳಾಸ ಕೇಳಿ, ನಾನು ನಾನೇ ಎಂದು ಖಾತ್ರಿಯಾದ ಮೇಲೆ ಹೇಳಿದಳು. "ಬಸ್ ಡಿಪೋ ಎದುರಿಗಿರೋ ಕ್ಲಿನಿಕ್ ಮೇಡಂ."

ಫೋನನ್ನು ಇನ್ನೂ ಹೊಲಿಯದ ಕಾಗದಗಳ ಕಟ್ಟಿನ ಮೇಲಿಟ್ಟೆ. ನನ್ನ ಗಂಡ ಒಮ್ಮೆ ಕೆನ್ನೆ ಊದಿಸಿಕೊಂಡು, ಡ್ಯೂಟಿಯ ನಡುವೆಯೇ ಹೋಗಿ ಹಲ್ಲು ಕೀಳಿಸಿಕೊಂಡದ್ದು ಆ ಕ್ಲಿನಿಕ್ಕಿನಲ್ಲೇ. ನನ್ನ ವಿಮೆಯಲ್ಲಿ ಅವರೂ ಸೇರಿದ್ದರಿಂದ ನನ್ನ ಕಾರ್ಡನ್ನೇ ಕೊಟ್ಟಿದ್ದಾರೆ. ಕೌಂಟರಿನವಳು ಕಾರ್ಡಿನ ಮೇಲಿದ್ದ ಹೆಸರನ್ನೇ ರೋಗಿಯ ಹೆಸರೆಂದು ಬರೆದಿದ್ದಾಳೆ. ಊರವರ ಟಿಕೆಟ್ಟನ್ನೆಲ್ಲ ಅಕ್ಷರ ಬಿಡದೆ ಓದುವ ಮನುಷ್ಯ, ತಾನು ಸಹಿ ಹಾಕುವ ಕಾಗದ ಓದಿಲ್ಲ. ಹೆಸರು ಹೆಂಗಸಿನದಾದ್ದರಿಂದ ನಾವಿಬ್ಬರೂ ಹೆಂಗಸರ ಬಾಯನ್ನೇ ಹುಡುಕುತ್ತ ಕೂತಿದ್ದೆವು.

ಸಂಜೆ ಹೇಳಿದೆ. ಅವರ ಎಡಗೆನ್ನೆ ಒಳಗಿನಿಂದ ಸ್ವಲ್ಪ ಉಬ್ಬಿತು. ನಾಲಿಗೆ ಆ ಖಾಲಿ ಜಾಗಕ್ಕೆ ಹೋಗಿರಬೇಕು.

"ಕೌಂಟರಿನವಳ ತಪ್ಪು. ಡಿಪೋ ಕ್ಲಿನಿಕ್ಕಿಂದ ಒಂದು ಕಾಗದ ಬರೆಸಿ ಕೊಟ್ರೆ ಸರಿಹೋಗುತ್ತೆ. ನಿಂಗೆ ಕ್ಯಾಪ್ ಸಿಗುತ್ತಲ್ಲ, ಇನ್ನೇನು?"

"ತಂಗಿಗೆ ಫೋನ್ ಮಾಡಿ."

"ನೀನೇ ಒಂದು ಮಾತು ಹೇಳ್ಬಿಡೆ. ಯಾರು ಹೇಳಿದ್ರೇನು?"

ನಾನು ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವರ ಕೈಗೆ ಹಿಡಿಸಿದೆ. ಅವಳು ಎತ್ತಿದಳು. ತುಂಬಿದ ಬಸ್ಸಿನಲ್ಲಿ ನಿಂತು ಎಲ್ಲರ ಮುಂದೆ ಗುಡುಗುವ ಗಂಟಲು ನನ್ನವರದು. ಈಗ ಅದರಿಂದ ಹೊರಟದ್ದು ಇಷ್ಟೇ.

"ನಾನಮ್ಮ... ಊಟ ಆಯ್ತಾ?"

ಅವಳು ಮೆಲ್ಲಗೆ ಕೇಳಿದಳು, ಸಿಟ್ಟೇ ಇಲ್ಲದೆ. "ಹೇಳಿ ಭಾವ. ಮತ್ತೆ ಬಾಯಿ ತೆಗೀಬೇಕಾ?"

ಅವರು ಫೋನನ್ನು ನನ್ನ ಕೈಗೆ ತುರುಕಿ ಬಚ್ಚಲಿನ ಕಡೆ ನಡೆದರು.

"ನಾನು ಕಣೇ, ಅಕ್ಕ," ಎಂದೆ.

ಅವಳು ಫೋನ್ ಇಟ್ಟುಬಿಟ್ಟಳು.