ಕೊಟ್ಟ ಹೆಣ್ಣಿನ ಇಸಿಜಿ

ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡಿನ ಚೀಲ ಇಳಿಸುತ್ತಿದ್ದಾಗಲೇ ನಮ್ಮಣ್ಣ ಉದಯಕುಮಾರ ಕುಸಿದು ಸತ್ತ. ಗಟ್ಟಿಮುಟ್ಟಾಗಿದ್ದವನು, ಒಂದು ದಿನ ಮಾತ್ರೆ ನುಂಗಿದವನಲ್ಲ. ಶವಪರೀಕ್ಷೆ ಮಾಡಿದ ಡಾಕ್ಟರು, ಹೃದಯದ ಸ್ನಾಯು ದಪ್ಪಗಾಗಿತ್ತು, ಇದು ರಕ್ತದಲ್ಲಿ ಬರುವ ಕಾಯಿಲೆ, ಮನೆಯವರೆಲ್ಲ ಇಸಿಜಿ ಮಾಡಿಸಿಕೊಳ್ಳಿ ಎಂದರಂತೆ.

ನಮ್ಮಪ್ಪ ಸಿದ್ದಮಲ್ಲಪ್ಪ ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ಅಮ್ಮ, ತಮ್ಮ ಬಸವಕುಮಾರ, ಕೊನೆಗೆ ಅವನ ಹೆಂಡತಿ ದೀಪಶ್ರೀಯನ್ನೂ ಬಿಡಲಿಲ್ಲ. ಯಳಂದೂರಿಗೆ ಮದುವೆಯಾಗಿ ಬಂದಿರುವ ನನಗೆ ಮಾತ್ರ ಒಂದು ಫೋನೂ ಇಲ್ಲ. ಅಣ್ಣನ ಕಾರ್ಯದ ದಿನ ಅಡುಗೆಮನೆಯಲ್ಲಿ ದೀಪಶ್ರೀ ಬಾಯಿಬಿಟ್ಟಳು.

"ಎಲ್ರುದೂ ಸರಿಯಾಗೇ ಅದಂತೆ ಕಣತ್ತಿಗೆ. ಮಾವಂದು ಮಾತ್ರ ಗೀಟು ಅಡ್ಡಾದಿಡ್ಡಿ ಬಂದದಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಪಡಸಾಲೆಗೆ ಹೋಗಿ ಅಪ್ಪನನ್ನೇ ಕೇಳಿದೆ. "ಬ್ಯಾರೆ ಮನೆಯಿಂದ ಬಂದೋಳ್ಗೆ ಮಾಡಿಸ್ದೆ. ನಿನ್ನೊಟ್ಟೇಲಿ ಉಟ್ಟ ನಂಗ್ಯಾಕಪ್ಪ ಮಾಡಿಸ್ನಿಲ್ಲ?"

"ನಿನ್ನ ಕೊಟ್ಟಾಯ್ತಲ್ಲವ್ವ," ಎಂದರು ಅಪ್ಪ. "ನೀನೀಗ ಯಳಂದೂರು ಮನೆಯೋಳು. ನಮ್ಮನೆ ಕಾಯ್ಲೆ ನಿಂಗ್ಯಾಕೆ ಬತ್ತದೆ?"

ಅವರು ಹಾಗೆಂದೇ ನಂಬಿದ್ದರು. ಸದ್ಯ, ಮಗಳಾದರೂ ತಪ್ಪಿಸಿಕೊಂಡಳಲ್ಲ ಎಂಬ ನೆಮ್ಮದಿ ಮುಖದಲ್ಲಿ ಕಾಣುತ್ತಿತ್ತು. ಧಾರೆ ಎರೆದುಬಿಟ್ಟರೆ ರಕ್ತವೂ ಬದಲಾಗುತ್ತದೆಯೇ?

ಮಾರನೆಯ ದಿನ ಯಳಂದೂರಿನ ಒಂದು ಕ್ಲಿನಿಕ್ಕಿಗೆ ಒಬ್ಬಳೇ ಹೋದೆ. ಡಾಕ್ಟರಮ್ಮ ಇಸಿಜಿ ಕಾಗದ ನೋಡಿದರು, ಮತ್ತೆ ನೋಡಿದರು. ಅಣ್ಣ ಸತ್ತದ್ದು, ಅಪ್ಪನ ಇಸಿಜಿ ಕೆಟ್ಟಿದ್ದು ಎಲ್ಲ ಹೇಳಿದೆ.

"ನಿಮ್ಮ ತಂದೆಯಿಂದಲೇ ಬಂದಿರಬೇಕು ಸೌಮ್ಯ. ಎಕೋ ಮಾಡಿಸೋಣ, ಔಷಧಿ ಇದೆ, ಹೆದರಬೇಡಿ. ಮಕ್ಕಳಿದ್ದಾರಾ?"

"ಒಬ್ಳೇ ಮಗ್ಳು, ಕೋಮಲ. ಐಸ್ಕೂಲು."

"ಅವಳಿಗೂ ಬಂದಿರಬಹುದು. ಪರೀಕ್ಷೆ ಆಗೋತನಕ ಓಟ, ಆಟ ಏನೂ ಬೇಡ."

ಆವತ್ತೇ ಅವಳ ಶಾಲೆಯಲ್ಲಿ ಖೊಖೊ ಪಂದ್ಯ. ಬೆಳಿಗ್ಗೆ ನಾನೇ ಎರಡು ಜಡೆ ಬಿಗಿದು, ಗೆದ್ದುಕೊಂಡು ಬಾ ಎಂದು ಕಳಿಸಿದ್ದೆ. ಶಾಲೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಹಾಳಾದವರು, ಎಲ್ಲರೂ ಆಟ ನೋಡುತ್ತ ನಿಂತಿರಬೇಕು. ಆಟೋದಲ್ಲಿ ಕೂತವಳಿಗೆ ಅಣ್ಣನ ಮುಖವೇ ಕಣ್ಣಮುಂದೆ ಬರುತ್ತಿತ್ತು. ಮಾದಪ್ಪ, ನನಗೇನು ಬೇಕಾದರೂ ಆಗಲಿ, ಅವಳಿಗೆ ಬೇಡಪ್ಪ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಆಟ ಇನ್ನೂ ಶುರುವಾಗಿರಲಿಲ್ಲ. ಮೈದಾನದ ಆ ತುದಿಯಲ್ಲಿ ಕೋಮಲ ಗೆಳತಿಯರ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ಹೋದ ಜೀವ ಬಂದಂತಾಯಿತು. ಗೇಟಿನಿಂದಲೇ ಅವಳ ಹೆಸರು ಹಿಡಿದು ಕೂಗಿದೆ. ಎಂದೂ ಆಟ ನೋಡಲು ಬಾರದ ಅವ್ವ ಬಂದಳೆಂದು ಅವಳ ಮುಖ ಅರಳಿತು. ತಟ್ಟನೆ ಎದ್ದವಳೇ, ಇಡೀ ಮೈದಾನ ದಾಟಿಕೊಂಡು ನನ್ನ ಕಡೆಗೇ ಓಡಿ ಬರತೊಡಗಿದಳು.